ವಯಾ ನಾರಾಯಣಖೇಡ

ಆನಂದಕುಮಾರನ ವಿಸಿಟಿಂಗ್ ಕಾರ್ಡಿನಲ್ಲಿ 'ಸಿಸ್ಟಮ್ ಮತ್ತು ನೆಟ್‌ವರ್ಕ್ ಎಂಜಿನಿಯರ್' ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಕಾರ್ಡು ಬರೆದವನು ಅವನೇ, ಅಚ್ಚು ಹಾಕಿಸಿದವನು ಅವನೇ, ಅದನ್ನು ಓದಿ ನಂಬಿದವನೂ ಬಹುಮಟ್ಟಿಗೆ ಅವನೊಬ್ಬನೇ. ಜಹೀರಾಬಾದಿನ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಬೇಸಿಗೆ ಕಂಪ್ಯೂಟರ್ ಕೋರ್ಸು ಮಾಡಿದ್ದ. ಆಮೇಲೊಮ್ಮೆ ಕಾಕಾನ ಅಂಗಡಿಯ ಪ್ರಿಂಟರಿನೊಳಗೆ ಹೊಕ್ಕ ಹಲ್ಲಿಯನ್ನು ಜೀವಸಹಿತ ಹೊರಗೆ ತೆಗೆದಿದ್ದ. ಅಂದಿನಿಂದ ಆ ಅಂಗಡಿಯಲ್ಲಿ ವೈರು ಇರುವ ವಸ್ತುಗಳೆಲ್ಲ ಅವನ ಸುಪರ್ದಿಗೆ ಬಂದವು.

ಕಾಕಾ ಶಿವಶಂಕರಪ್ಪನವರದು ಫೋಟೊ ಸ್ಟುಡಿಯೋ. ಜಹೀರಾಬಾದಿನಲ್ಲಿ ದೊಡ್ಡ ಅಂಗಡಿ, ತಾಂಡೂರಿನಲ್ಲಿ ಒಂದು ಶಾಖೆ. ಎರಡು ವರ್ಷದ ಹಿಂದೆ ಒಂದು ಕಂಪನಿಯ ಮನುಷ್ಯ ಟೈ ಕಟ್ಟಿಕೊಂಡು ಬಂದು, ಚಿತ್ರಗಳನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಕೂಡಿಡುವ ಕಾಲ ಮುಗಿಯಿತು, ನಮ್ಮ ಸರ್ವರುಗಳಲ್ಲಿ ಜಾಗ ಬಾಡಿಗೆಗೆ ತಗೊಳ್ಳಿ ಎಂದ. ಜಹೀರಾಬಾದಿನ ಕೆಲಸ ಒಂದು ಝೋನಿನಲ್ಲಿ, ತಾಂಡೂರಿನ ಕೆಲಸ ಇನ್ನೊಂದು ಝೋನಿನಲ್ಲಿ ಇರಲಿ, ಒಂದಕ್ಕೆ ಬೆಂಕಿ ಬಿದ್ದರೂ ಇನ್ನೊಂದು ಉಳಿಯುತ್ತದೆ ಎಂದ. ಬೆಂಕಿ ಎಂಬ ಮಾತಿಗೆ ಕಾಕಾ ಹೆದರಿದರು, ಝೋನು ಎಂಬ ಮಾತಿಗೆ ಆನಂದಕುಮಾರ ಮರುಳಾದ. ಎರಡು ಝೋನುಗಳ ನಡುವೆ ನಮ್ಮದೇ ಒಂದು ಖಾಸಗಿ ದಾರಿ ಬೇಕು, ಅದಕ್ಕೆ ವರ್ಚುವಲ್ ನೆಟ್‌ವರ್ಕ್ ಎನ್ನುತ್ತಾರೆ, ಅದು ಕಣ್ಣಿಗೆ ಕಾಣುವುದಿಲ್ಲ ಎಂದೂ ತಿಳಿಯಿತು. ಕಣ್ಣಿಗೆ ಕಾಣದ ಕೆಲಸ ಆನಂದಕುಮಾರನ ಮೈಗೆ ಚೆನ್ನಾಗಿ ಒಗ್ಗುತ್ತಿತ್ತು. ಆ ದಾರಿಯನ್ನು ಅವನೇ ಹಾಕಿದ.

ಇಷ್ಟರಲ್ಲಿ ಕಾಕಾನ ಮಗಳು ಅರ್ಪಿತಾಳ ಲಗ್ನ ಕೂಡಿತು. ಹುಡುಗನ ಅಪ್ಪ ಧರ್ಮಣ್ಣ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ. ಗುರುವಾರ ಜಹೀರಾಬಾದಿನಲ್ಲಿ ಲಗ್ನ, ಭಾನುವಾರ ಸಂಜೆ ತಾಂಡೂರಿನಲ್ಲಿ ಬೀಗರ ಕಡೆಯ ಆರತಕ್ಷತೆ. ನಿಶ್ಚಯದ ದಿನ ಧರ್ಮಣ್ಣ ಮೀಸೆ ತಿರುವುತ್ತ, "ನಮ್ಮ ಕಡಿ ಎಲ್‌ಇಡಿ ಗ್ವಾಡಿ ಹಚ್ಚಸ್ತೀನ್ರಿ. ಗೋಡೌನ್ ಗ್ವಾಡಿ ಅಷ್ಟ ದೊಡ್ಡ ಪರದೆ. ತಾಂಡೂರಿನ್ಯಾಗ ಇಲ್ಲೀತನ ಯಾರೂ ಹಚ್ಚಿಲ್ಲ," ಎಂದರು.

ಕಾಕಾ ಸೋಲುವ ಪೈಕಿ ಅಲ್ಲ. "ಗ್ವಾಡಿ ನಿಮ್ದು ಬೀಗರ, ಪಿಚ್ಚರ್ ನಮ್ದು. ಲಗ್ನದ ಪೂರಾ ಪಿಚ್ಚರ್ ನಿಮ್ಮ ಗ್ವಾಡಿ ಮ್ಯಾಲೆ ಬಿಡ್ತೀನಿ. ಪೆನ್ ಡ್ರೈವ್ ಗಿನ್ ಡ್ರೈವ್ ಕಿಸೆದಾಗ ಹಾಕ್ಕೊಂಡು ಬರೂ ಮಂದಿ ನಾವಲ್ಲ. ನಮ್ಮ ಆನಂದ ಎರಡ ಝೋನ್ ಇಟ್ಟಾನ. ಇಲ್ಲಿ ಬಟನ್ ಒತ್ತಿದ್ರ ಅಲ್ಲಿ ಪಿಚ್ಚರ್!"

ಎಲ್ಲರ ಕಣ್ಣೂ ಆನಂದಕುಮಾರನ ಮೇಲೆ ಬಿತ್ತು. ಅವನು ವಿನಯದಿಂದ ತಲೆ ತಗ್ಗಿಸಿ ಧರ್ಮಣ್ಣನಿಗೆ ಒಂದು ಕಾರ್ಡು ಕೊಟ್ಟ. ಧರ್ಮಣ್ಣನ ಅಣ್ಣನಿಗೊಂದು ಕೊಟ್ಟ. ಹೊರಗೆ ಬಂದು ಅವರ ಡ್ರೈವರನಿಗೂ ಒಂದು ಕೊಟ್ಟ.

ಲಗ್ನ ಸಾಂಗವಾಗಿ ಆಯಿತು. ಸ್ಟುಡಿಯೋದ ಹುಡುಗರು ರಾತ್ರಿಯೆಲ್ಲ ಕೂತು ನಾಲ್ಕು ತಾಸಿನ ಪಿಚ್ಚರು ಜೋಡಿಸಿದರು. ಬೀಗರ ಗೋಡೆಯ ಅಳತೆಗೆ ತಕ್ಕಂತೆ, ಮದುಮಗನ ಮೂಗಿನ ಮೇಲಿನ ಬೆವರ ಹನಿಯೂ ಎಣಿಸುವಷ್ಟು ನಿಚ್ಚಳವಾಗಿ, ಪಿಚ್ಚರು ಮೊದಲನೆಯ ಝೋನಿನಲ್ಲಿ ತಯಾರಾಗಿ ಕೂತಿತು. ಶುಕ್ರವಾರ ಮುಂಜಾನೆ ಕಾಕಾ ಕಂಪ್ಯೂಟರಿಗೆ ಊದುಬತ್ತಿ ಬೆಳಗಿದರು. ಆನಂದಕುಮಾರ ಬಟನ್ ಒತ್ತಿದ. ಎರಡನೆಯ ಝೋನಿಗೆ ಪಿಚ್ಚರು ಮುಟ್ಟಲು ಎಷ್ಟು ಹೊತ್ತು ಬೇಕೆಂದು ಪರದೆಯ ಮೇಲೆ ಮೂಡಿತು. ಹತ್ತೊಂಬತ್ತು ದಿನ.

ಆನಂದಕುಮಾರ ಕಣ್ಣು ಉಜ್ಜಿಕೊಂಡ. ಒಂದು ಕ್ಷಣ ಬಿಟ್ಟು ಅದು ಇಪ್ಪತ್ತೊಂದು ದಿನ ಆಯಿತು.

ತಾಂಡೂರು ಶಾಖೆಯ ವಿಠೋಬಾ ಫೋನು ಮಾಡಿದ. ಅವನು ಮೂವತ್ತು ವರ್ಷದಿಂದ ಕ್ಯಾಮೆರಾ ಹಿಡಿದವನು, ಹೊಸದಾಗಿ ಬಂದದ್ದು ಯಾವುದನ್ನೂ ನಂಬುವವನಲ್ಲ. "ಸಾಬ್, ಇಪ್ಪತ್ತ ದಿನಕ್ಕ ಹುಡುಗಿ ತವರಿಗಿ ಬಂದು ಮತ್ತ ಹೊಳ್ಳಿ ಗಂಡನ ಮನಿಗಿ ಹೋಗಿರ್ತಾಳ್ರಿ. ಸುಮ್ಮ ಒಂದು ಪೆನ್ ಡ್ರೈವ್‌ನ್ಯಾಗ ಹಾಕಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡ್ರಿ. ಎರಡ ತಾಸಿನ್ಯಾಗ ಬಂದು ಬೀಳ್ತದ."

ಆನಂದಕುಮಾರನಿಗೂ ಅದೇ ಸರಿ ಎನಿಸಿತ್ತು. ಮೆಲ್ಲಗೆ ಕಾಕಾನ ಮುಂದೆ ಆ ಮಾತು ಎತ್ತಿದ. ಕಾಕಾ ಕೂತಲ್ಲಿಂದ ಎದ್ದು ನಿಂತರು.

"ಪೆನ್ ಡ್ರೈವ್ ಬ್ಯಾಡಂತ ನಾ ನಾಕ ಮಂದಿ ಮುಂದ ಅಂದೀನಿ. ಈಗ ಅದನ್ನೇ ಹಿಡ್ಕೊಂಡು ಹೋದ್ರ, ಬೀಗರ ಮನಿ ಊಟಕ್ಕ ಬುತ್ತಿ ಕಟ್ಕೊಂಡು ಹೋದಂಗ ಆಗ್ತದ. ಹುಡುಗಿ ಹೊಸಾಕಿ ಅದಾಳ. 'ನಿಮ್ಮ ಅಪ್ಪನ ಪಿಚ್ಚರ್ ಎಲ್ಲಿಗಿ ಬಂತವ್ವಾ' ಅಂತ ಅವರ ಅತ್ತಿ ವರ್ಷಗಟ್ಲೆ ಆಡ್ಕೋತಾಳ. ಆಯ್ತಾರ ಸಂಜಿಗಿ ಆ ಗ್ವಾಡಿ ಮ್ಯಾಲೆ ಪಿಚ್ಚರ್ ಬರ್ಲಿಲ್ಲಂದ್ರ ನೀ ತಾಂಡೂರಿನ್ಯಾಗ ಮಾರಿ ತೋರಸಬ್ಯಾಡ. ಆ ಕಾರ್ಡೂ ಹರದು ಒಗಿ."

ಕಾರ್ಡಿನ ಮಾತು ಬಂದಾಗ ಆನಂದಕುಮಾರ ಜೇಬು ಮುಟ್ಟಿ ನೋಡಿಕೊಂಡ. ಅರ್ಪಿತಾಳ ಮುಖ ನೆನಪಾದಾಗ ಕಾರ್ಡೂ ಮರೆತುಹೋಯಿತು. ಅವನ ಬೆನ್ನ ಮೇಲೆ ಕೂತು ಆಡಿ ಬೆಳೆದ ತಂಗಿ ಅವಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆನಂದಕುಮಾರ ಮೊದಲು ನೆಲವನ್ನೇ ನೋಡಿದ. ಸರ್ವರು ಸಣ್ಣದಾಗಿದೆ ಎಂದು ತೀರ್ಮಾನಿಸಿ ಎರಡೂ ಝೋನುಗಳಲ್ಲಿ ಇದ್ದುದಕ್ಕಿಂತ ದೊಡ್ಡ ಸರ್ವರು ತಗೊಂಡ. ಇಪ್ಪತ್ತೊಂದು ದಿನ ಹಾಗೇ ಇತ್ತು. ಆಮೇಲೆ ತಾಂಡೂರಿನ ಕಲ್ಲಿನ ಧೂಳಿನ ಮೇಲೆ ಸಂಶಯ ಬಂತು. ಫೋನಿನಲ್ಲೇ ನಿಂತು ವಿಠೋಬಾನ ಕೈಯಿಂದ ಕಂಪ್ಯೂಟರ್ ಬಿಚ್ಚಿಸಿ ಗಾಳಿ ಊದಿಸಿದ. ಕಂಪ್ಯೂಟರಿಗೆ ಏನೂ ಆಗಲಿಲ್ಲ, ವಿಠೋಬಾನಿಗೆ ಮಾತ್ರ ಸೀನು ಹತ್ತಿತು. ಅವತ್ತಿನಿಂದ ಅವನ ಮಾತೆಲ್ಲ ಸೀನಿನ ನಡುವೆಯೇ ಬರತೊಡಗಿತು.

ಪಕ್ಕದಲ್ಲಿ ಮಿರ್ಚಿ ಭಜಿ ಕರಿಯುವ ಹಣಮಮ್ಮ ಬಂದು ಬಾಗಿಲಲ್ಲಿ ನಿಂತು ನೋಡಿದಳು. "ದೃಷ್ಟಿ ಆಗ್ಯದ ತಮ್ಮಾ. ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟು."

"ಎಲ್ಲಿ ಕಟ್ಲೆಬೇ? ಇದು ವರ್ಚುವಲ್ ಅದ. ಕಣ್ಣಿಗಿ ಕಾಣಾಂಗಿಲ್ಲ."

"ಕಾಣದಿದ್ದದ್ದಕ್ಕೇ ದೃಷ್ಟಿ ಲಗೂನ ಹತ್ತತದ," ಎಂದಳು ಹಣಮಮ್ಮ. ಅವನು ಲಿಂಬೆಹಣ್ಣನ್ನು ಮಾನಿಟರಿಗೆ ಕಟ್ಟಿದ. ಅದು ಪರದೆಯ ಮೇಲಿನ ದಿನಗಳ ಎಣಿಕೆಗೆ ಸರಿಯಾಗಿ ಅಡ್ಡ ಬಂದದ್ದರಿಂದ ಸ್ವಲ್ಪ ಹೊತ್ತು ಮನಸ್ಸಿಗೆ ಸಮಾಧಾನವಾಯಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಬರುವಷ್ಟರಲ್ಲಿ ಹೊಸ ಅನಾಹುತ. ನೂರಕ್ಕೆ ಒಂದು ಪಾಲು ಹೋಗಿದ್ದ ಪಿಚ್ಚರು ಪೂರ್ತಿ ನಿಂತು, ಮತ್ತೆ ಸೊನ್ನೆಯಿಂದ ಶುರುವಾಗಿತ್ತು. ಹೆಂಡತಿ ಶಿವಕಾಂತಾಳಿಗೆ ಫೋನು ಮಾಡಿ ಗೋಳು ತೋಡಿಕೊಂಡ. ಅವಳು, "ನೀವು ಕೈ ಹಚ್ಚಿರೇನು? ಹಂಗಾದ್ರ ಇದ್ದದ್ದೂ ಹೋಗ್ತದ. ಮಿಕ್ಸರ್ ಬಿಚ್ಚಿ ಕೆಡಿಸಿದ್ದು ನೆನಪದ ಇಲ್ಲೋ? ತಿಳದವರಿಗಿ ಕೇಳ್ರಿ," ಎಂದಳು. ತನಗಿಂತ ತಿಳಿದವರನ್ನು ಕೇಳುವುದು ಎಂಜಿನಿಯರನಿಗೆ ಅವಮಾನ. ಆದರೂ ಮಿಕ್ಸರಿನ ನೆನಪಾಗಿ ಕಂಪನಿಯ ಸಹಾಯದ ನಂಬರಿಗೆ ಫೋನು ಹಚ್ಚಿದ.

ಅತ್ತಲಿಂದ ದೀಪ್ತಿ ಎಂಬ ಹೆಣ್ಣುಮಗಳು ಮಾತಾಡಿದಳು. ಇವನು ಕಷ್ಟಪಟ್ಟು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳಿದ ಮೇಲೆ, "ಸರ್, ನಾ ಭಾಲ್ಕಿದಾಕಿ. ಕನ್ನಡದಾಗೇ ಹೇಳ್ರಿ," ಎಂದಳು. ಅವನಿಗೆ ಹೋದ ಜೀವ ಬಂದಂತಾಯಿತು.

"ಸರ್, ನಿಮ್ಮ ಎರಡೂ ಝೋನ್ ಒಂದೇ ಊರಾಗ ಅವ. ಒಂದು ಈ ಗಲ್ಲಿ ಅಂದ್ರ ಇನ್ನೊಂದು ಆ ಗಲ್ಲಿ. ಇಷ್ಟ ದೊಡ್ಡ ಫೈಲ್ ಇದ್ರೂ ಹನ್ನೊಂದು ನಿಮಿಷದ ಕೆಲಸ. ಆದ್ರ ನಿಮ್ಮ ಫೈಲ್ ನೇರ ಹೋಗಲತ್ತಿಲ್ಲ. ನಡು ಎಲ್ಲೋ ಸುತ್ತು ಹಾಕಲತ್ತದ. ಯಾವ ದಾರಿಲಿಂದ ಹೋಗ್ತದ ನೋಡೂಣು, ನಾ ಹೇಳದಂಗ ಬರೀರಿ."

ಅವನು ಬರೆದ. ಪರದೆಯ ಮೇಲೆ ಸಾಲುಗಳು ಮೂಡಿದವು. ಮೊದಲನೆಯ ಝೋನು, ಕೊನೆಗೆ ಎರಡನೆಯ ಝೋನು, ನಡುವೆ ಇನ್ನೊಂದು ಯಾವುದೋ ವಿಳಾಸ.

ದೀಪ್ತಿ ಗಂಭೀರಳಾದಳು. "ಸರ್, ಈ ನಡುವಿಂದು ನಮ್ದಲ್ಲ. ಯಾರ್ದೋ ಮನಿ ಬ್ರಾಡ್‌ಬ್ಯಾಂಡ್ ಅದ. ನಾರಾಯಣಖೇಡ ಅಂತ ತೋರಸಲತ್ತದ. ಯಾರೋ ಕಳ್ಳರು ನಡು ಹೊಕ್ಕು ಕುಂತಾರ. ಈಗೇ ಬಂದ್ ಮಾಡಿಬಿಡ್ಲೇನ್ರಿ?"

"ಬ್ಯಾಡ್ರಿ ಮೇಡಂ!" ಆನಂದಕುಮಾರ ಚೀರಿದ. "ಅವರು ಕಳ್ಳರಲ್ಲ. ನಮ್ಮ ಅತ್ತಿ!"

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಅವನ ಗತಿ. ಸುಮಿತ್ರಾಬಾಯಿ ಕಾಕಾನ ಹಿರಿಯಕ್ಕ, ಆನಂದಕುಮಾರನ ಸೋದರತ್ತೆ. ತಾಯಿ ತೀರಿಕೊಂಡ ಮೇಲೆ ತಮ್ಮಂದಿರನ್ನು ಸಾಕಿ ದೊಡ್ಡವರನ್ನು ಮಾಡಿದವಳು ಅವಳೇ. ನಾರಾಯಣಖೇಡದಲ್ಲಿ ಮಕ್ಕಳು ಸೊಸೆಯಂದಿರು ಮೊಮ್ಮಕ್ಕಳು ತುಂಬಿದ ಮನೆಯ ಯಜಮಾನಿ. ಈ ಮನೆತನದಲ್ಲಿ ಯಾವ ಒಳ್ಳೆಯದಾದರೂ ಮೊದಲು ಅವಳ ಮುಂದೆ ಹಾದು ಬರಬೇಕು. ಮೊದಲ ಮಾವಿನಹಣ್ಣು, ಹೊಸ ಸೀರೆ, ಹುಟ್ಟಿದ ಕೂಸು, ಎಲ್ಲವೂ ಮೊದಲು ನಾರಾಯಣಖೇಡಕ್ಕೆ ಹೋಗಿ ವಿಭೂತಿ ಹಚ್ಚಿಸಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದವು. ಅರ್ಪಿತಾಳ ಲಗ್ನಪತ್ರಿಕೆ ಅಚ್ಚಾದದ್ದು ಜಹೀರಾಬಾದಿನಲ್ಲಿ. ಆದರೂ ಗೋಡೆ ಆಚೆಯ ಮನೆಗೆ ಅದನ್ನು ಕೊಟ್ಟದ್ದು ನಾರಾಯಣಖೇಡಕ್ಕೆ ಹೋಗಿ ಬಂದ ಮೇಲೆಯೇ.

ಎರಡು ವರ್ಷದ ಹಿಂದೆ ಝೋನುಗಳ ನಡುವೆ ದಾರಿ ಹಾಕುವಾಗ ಕಾಕಾ ಸಹಜವಾಗಿ ಕೇಳಿದ್ದರು: "ಅಕ್ಕನ ಮನಿ ಮುಂದಿಂದ ಹಾಯ್ತದಲಾ?" ಹಾಯುತ್ತದೋ ಇಲ್ಲವೋ ಗೊತ್ತಿಲ್ಲದ ಆನಂದಕುಮಾರ, "ಹಾಯ್ತದ," ಎಂದಿದ್ದ. ಅಂದ ಮಾತು ಉಳಿಸಿಕೊಳ್ಳಲು ಅಂಗಡಿಯ ಒಂದು ಹಳೆಯ ಕಂಪ್ಯೂಟರನ್ನು ಒಯ್ದು ಅತ್ತೆಯ ಮನೆಯ ಪಡಸಾಲೆಯಲ್ಲಿ ಇಟ್ಟು, ಒಂದು ಝೋನಿನಿಂದ ಹೊರಟದ್ದು ಅಲ್ಲಿ ಇಳಿದು, ನಮಸ್ಕಾರ ಮಾಡಿ, ಮತ್ತೆ ಇನ್ನೊಂದು ಝೋನಿಗೆ ಹತ್ತುವಂತೆ ಮಾಡಿದ್ದ. ಆಗ ಎಲ್ಲರೂ ಅವನ ಬೆನ್ನು ತಟ್ಟಿದ್ದರು. ಬಿಡಿ ಫೋಟೊಗಳು ಓಡಾಡುವಾಗ ಯಾರಿಗೂ ತಡ ಅನ್ನಿಸಿರಲಿಲ್ಲ. ಈಗ ನಾಲ್ಕು ತಾಸಿನ ಲಗ್ನ ಆ ಸಣ್ಣ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು.

"ಅದನ್ನ ನಡುವಿಂದ ತೆಗೀರಿ ಸರ್," ಎಂದಳು ದೀಪ್ತಿ. "ನೇರ ದಾರಿ ಹಾಕೂದು ಐದ ನಿಮಿಷದ ಕೆಲಸ."

"ಮೇಡಂ, ನಿಮ್ಮ ಮನ್ಯಾಗ ಲಗ್ನ ಆದ್ರ ಸೋದರತ್ತಿನ್ನ ಬಿಟ್ಟು ಕಾರ್ಡ್ ಹಂಚ್ತೀರೇನ್ರಿ?"

ದೀಪ್ತಿ ಸಣ್ಣ ದನಿಯಲ್ಲಿ, "ಹೋಗಿ ಕೇಳಿ ಬರ್ರಿ ಸರ್. ನಿಮ್ಮ ಕಂಪ್ಲೇಂಟ್ ಖುಲ್ಲಾನೇ ಇಡ್ತೀನಿ," ಎಂದಳು.

ಶನಿವಾರ ಮುಂಜಾನೆ ಆನಂದಕುಮಾರ ನಾರಾಯಣಖೇಡದ ಬಸ್ಸು ಹತ್ತಿದ. ತಾಂಡೂರು ಇರುವುದು ದಕ್ಷಿಣಕ್ಕೆ, ಇವನು ಹೊರಟದ್ದು ಉತ್ತರಕ್ಕೆ. ದಾರಿಯುದ್ದಕ್ಕೂ ಅತ್ತೆಯ ಮುಂದೆ ಹೇಳಬೇಕಾದ ಮಾತು ಜೋಡಿಸಿದ. ರಾಯಿಕೋಡಿನ ತನಕ ಮಾತು ಖಡಕ್ಕಾಗಿತ್ತು. ಆಮೇಲಾಮೇಲೆ ಮೆತ್ತಗಾಗುತ್ತ ಬಂದು, ಅತ್ತೆಯ ಮನೆಯ ಹೊಸ್ತಿಲಲ್ಲಿ ಚಪ್ಪಲಿಯೊಂದಿಗೆ ಅದೂ ಹೊರಗೇ ಉಳಿಯಿತು.

ಲಗ್ನ ಮುಗಿಸಿ ಶುಕ್ರವಾರ ಮುಂಜಾನೆಯೇ ಊರಿಗೆ ಮರಳಿದ್ದ ಸುಮಿತ್ರಾಬಾಯಿ ಪಡಸಾಲೆಯಲ್ಲಿ ಕೂತು ಪಕ್ಕದ ಮನೆಯ ಈಶಮ್ಮನಿಗೆ ಲಗ್ನದ ಸುದ್ದಿ ಹೇಳುತ್ತಿದ್ದಳು. ಮೂಲೆಯಲ್ಲಿ ಮಣೆಯ ಮೇಲೆ ಆ ಕಂಪ್ಯೂಟರ್ ಡಬ್ಬಿ. ಅದರ ಹಣೆಗೆ ಮೂರು ಬೆರಳಿನ ವಿಭೂತಿ, ತಲೆಗೆ ಕ್ರೋಶಾದ ಮುಸುಕು, ಮುಂದೆ ಒಂದು ಚೆಂಡು ಹೂವು.

"ಬಾರೋ ಆನಂದಾ! ಛಲೋ ಹೊತ್ತಿಗಿ ಬಂದಿ. ಏ, ರೊಟ್ಟಿ ಹಾಕ್ರೇ!" ಎಂದು ಕೂಗಿ, ಅತ್ತೆ ಈಶಮ್ಮನ ಕಡೆ ತಿರುಗಿದಳು. "ಇಂವಾ ಇಟ್ಟದ್ದೇ ನೋಡವಾ ಈ ಡಬ್ಬಿ. ನಮ್ಮ ಮನಿ ಲಗ್ನ, ತೊಟ್ಟಿಲ ಎಲ್ಲಾ ಇದರಾಗಿಂದೇ ಹಾಯ್ತಾವ. ಹಸರ ದೀಪ ಜೋರ್ ಮಿಣಕಿದ್ರ ಲಗ್ನ, ಸಣ್ಣಕ ಮಿಣಕಿದ್ರ ತೊಟ್ಟಿಲ. ನಂಗ ಕುಂತಲ್ಲೇ ತಿಳೀತದ."

"ದಿನಾಲೂ ಚಾಲೂ ಇರ್ತದ ಅತ್ತಿ?" ಎಂದ ಆನಂದಕುಮಾರ, ಮಾತಿಗೆ ದಾರಿ ಹುಡುಕುತ್ತ.

"ಮಧ್ಯಾಹ್ನ ನಾ ಮಲಗುವಾಗ ಬಂದ್ ಮಾಡ್ತೀನಿ. ಗುಂಯ್ ಅಂತದ. ಅದಕ್ಕೂ ಜರಾ ಆರಾಮ ಬೇಕಲ್ಲೇನೋ?"

ಮಧ್ಯಾಹ್ನದ ಸೊನ್ನೆಯ ಗುಟ್ಟು ಹೀಗೆ ಬಯಲಾಯಿತು. ಆನಂದಕುಮಾರ ರೊಟ್ಟಿ ಮುರಿಯುತ್ತ, ಪುಂಡಿಪಲ್ಲೆ ಹಚ್ಚುತ್ತ, ಧೈರ್ಯ ಕೂಡಿಸಿಕೊಂಡ. "ಅತ್ತಿ, ಈ ಸಲ ಪಿಚ್ಚರ್ ಭಾಳ ದೊಡ್ಡದದ. ಈ ಡಬ್ಬಿಗಿ ಭಾರ ಆಗಲತ್ತದ. ಅದಕ್ಕ ಇದನ್ನ ಜರಾ ಬದಿಗಿ ಇಟ್ಟು..."

ಬಡಿಸಲು ಬಂದ ಅತ್ತೆಯ ಕೈ ರೊಟ್ಟಿ ಸಮೇತ ನಡುದಾರಿಯಲ್ಲಿ ನಿಂತಿತು. "ಬದಿಗಿ? ಯಾರಿಗಿ ಬದಿಗಿ ಇಡ್ತಿ?"

"ಡಬ್ಬಿ ಅತ್ತಿ, ಡಬ್ಬಿ."

"ಡಬ್ಬಿ ಎಲ್ಲದ? ನನ್ನ ಮನ್ಯಾಗದ," ಎಂದಳು ಸುಮಿತ್ರಾಬಾಯಿ. ಈಶಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಇವನನ್ನು ಮೇಲಿಂದ ಕೆಳಗೆ ನೋಡಿದಳು. ಅತ್ತೆ ರೊಟ್ಟಿಯನ್ನು ಅವನ ತಾಟಿನಲ್ಲಿ ಹಾಕಿದಳು. "ನಮ್ಮ ಅರ್ಪಿತಾನ ಲಗ್ನ ಇನ್ನೂ ಹಾಯ್ದಿಲ್ಲ, ನಾ ಹಾದಿ ನೋಡಕೋತೇ ಕುಂತೀನಿ. ಇವತ್ತ ದೀಪ ಹಚ್ಚೂ ಹೊತ್ತಿಗಿ ಬಿಡು. ಆರತಿ ಮಾಡಿ ತಾಂಡೂರಿಗಿ ಕಳಸ್ತೀನಿ. ನಾಳಿ ನಾನೂ ಬರ್ತೀನಿ."

"ಹೂಂ ಅತ್ತಿ," ಎಂದ ನೆಟ್‌ವರ್ಕ್ ಎಂಜಿನಿಯರ್. ಇನ್ನೂ ಎರಡು ರೊಟ್ಟಿ ತಿಂದು, ಮಜ್ಜಿಗೆ ಕುಡಿದು, ತಿರುಗಿ ಬಸ್ಸು ಹತ್ತಿದ.

ಆನಂದಕುಮಾರನ ತಲೆ ಇಕ್ಕಟ್ಟಿನಲ್ಲೇ ಓಡುವಂಥದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ಯೋಚಿಸಿ, ಜಹೀರಾಬಾದು ಮುಟ್ಟುವಷ್ಟರಲ್ಲಿ ಒಂದು ಉಪಾಯ ಹೊಳೆಯಿತು. ದೀಪ್ತಿಯನ್ನು ಕೇಳಿಕೊಂಡು ಎರಡು ಝೋನುಗಳ ನಡುವೆ ನೇರ ದಾರಿ ಹಾಕಿದ. ಅತ್ತೆಯ ಡಬ್ಬಿಯ ಹಳೆಯ ದಾರಿಯನ್ನು ಕೀಳಲಿಲ್ಲ, ಅದನ್ನು ಬೇರೆ ಕೆಲಸಕ್ಕೆ ಇಟ್ಟುಕೊಂಡ. ದೀಪ ಹಚ್ಚುವ ಹೊತ್ತಿಗೆ ಪಿಚ್ಚರು ನೇರ ದಾರಿಯಲ್ಲಿ ಹೊರಟು ಹನ್ನೊಂದು ನಿಮಿಷದಲ್ಲಿ ತಾಂಡೂರಿನ ಝೋನು ಮುಟ್ಟಿತು. ಅದೇ ಹೊತ್ತಿಗೆ ಅತ್ತೆಯ ಡಬ್ಬಿಯ ಹಸಿರು ದೀಪ ಮಿಣುಕಬೇಕಲ್ಲ? ಆ ದಾರಿಯಲ್ಲಿ ಏನಾದರೂ ಓಡಾಡಬೇಕಲ್ಲ? ಕೈಗೆ ಮೊದಲು ಸಿಕ್ಕದ್ದು ಅವನದೇ ಪಾಸ್‌ಪೋರ್ಟ್ ಸೈಜ್ ಫೋಟೊ. ಬಸ್ ಪಾಸಿಗಾಗಿ ಹಲ್ಲುನೋವಿನ ದಿನ ತೆಗೆಸಿದ್ದು, ಎಡಗಲ್ಲ ಬಾತುಕೊಂಡಿತ್ತು. ಅದನ್ನೇ ಆ ಝೋನಿನಿಂದ ಈ ಝೋನಿಗೆ, ಈ ಝೋನಿನಿಂದ ಆ ಝೋನಿಗೆ, ನಾರಾಯಣಖೇಡದ ಮೇಲೆ ಹೋಗಿ ಬಾ, ಹೋಗಿ ಬಾ ಎಂದು ಬಿಟ್ಟ.

ಅತ್ತೆಯ ಫೋನು ಬಂತು. ಹಿಂದೆ ಗಂಟೆಯ ಸದ್ದು. "ಆನಂದಾ, ಏನ್ ಮಿಣಕ್ತದೋ! ಇಷ್ಟ ಜೋರ್ ಯಾವತ್ತೂ ಮಿಣಕಿದ್ದಿಲ್ಲ. ಆರತಿ ಮಾಡ್ದೆ. ಈಶಮ್ಮ ಅಕ್ಕಿಕಾಳ ಹಾಕಿ ಕಣ್ಣೀರ ತೆಗದ್ಲು. ಛಲೋ ಆತಪ್ಪಾ, ಹುಡುಗಿ ಸುಖದಾಗ ಇರ್ಲಿ."

ಆನಂದಕುಮಾರನಿಗೆ ನಗೆ ಬಂತು. ಆದರೆ ಅತ್ತೆ ಖರೇ ಮನಸ್ಸಿನಿಂದ ಹರಸಿದ್ದು ಅವನ ಬಾತ ಗಲ್ಲಕ್ಕೆ ಹೋಗಿ ಬಿದ್ದಿತ್ತು. ಕಾಕಾ ಬಂದು ಏನಾಯಿತೆಂದು ಕೇಳಿದಾಗ, "ದುರಸ್ತಿ ಆತು ಕಾಕಾ," ಎಂದಷ್ಟೇ ಹೇಳಿದ. ಹೇಗೆ ಆಯಿತೆಂದು ಕಾಕಾ ಕೇಳಲಿಲ್ಲ, ಇವನು ಹೇಳಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಆನಂದಕುಮಾರ ಇನ್ನೊಂದು ಸಾವಿರ ಕಾರ್ಡು ಅಚ್ಚು ಹಾಕಿಸುತ್ತಿದ್ದ. ಆದರೆ ಭಾನುವಾರ ಮುಂಜಾನೆ ಧರ್ಮಣ್ಣ ತಾಂಡೂರಿನ ಅಂಗಡಿಗೆ ಬಂದು ಪಿಚ್ಚರನ್ನು ಓಡಿಸಿ ಓಡಿಸಿ ನೋಡಿ ಸಿಟ್ಟಿಗೆದ್ದರು. "ನಮ್ಮ ಅಣ್ಣ ಎಲ್ರಿ? ಜರಿ ರುಮಾಲ ಸುತ್ಕೊಂಡು ಇಡೀ ದಿನ ಕ್ಯಾಮೆರಾ ಮುಂದೇ ನಿಂತಾನ. ಒಂದು ಸಲಾನೂ ಬಂದಿಲ್ಲ!"

ಕ್ಯಾಮೆರಾದವರು ಅಡ್ಡ ನಿಂತಿದ್ದಾನೆಂದು ಆ ರುಮಾಲನ್ನು ತಪ್ಪಿಸಿ ತಪ್ಪಿಸಿ ಚಿತ್ರ ತೆಗೆದಿದ್ದರು. ಜಹೀರಾಬಾದಿನಲ್ಲಿ ಹುಡುಕಾಟ ನಡೆದು, ಕೊನೆಗೆ ಅಣ್ಣ ಜಿಲೇಬಿ ತಿನ್ನುವ ಒಂದು ತುಣುಕು ಸಿಕ್ಕಿತು. ಅದನ್ನೇ ಮೂರು ಕಡೆ ಸೇರಿಸಿ, ಪಿಚ್ಚರನ್ನು ಹೊಸದಾಗಿ ಮಾಡಿ, ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಕಳಿಸಿದರು. ಹನ್ನೊಂದು ನಿಮಿಷ. ವಿಠೋಬಾ ಕೂಡ ಸೀನುವುದನ್ನು ಮರೆತು, "ವಾಹ್," ಎಂದ.

ಸಂಜೆ ಆರತಕ್ಷತೆಯ ಹಾಲಿನಲ್ಲಿ ಆ ಗೋಡೆಯ ಮೇಲೆ ಪಿಚ್ಚರು ಬಂದಾಗ ತಾಂಡೂರಿನ ಮಂದಿ ಬಾಯಿ ತೆರೆದು ಕೂತರು. ಅರ್ಪಿತಾಳ ಅತ್ತೆ ಪಕ್ಕದವಳಿಗೆ, "ನಮ್ಮ ಸೊಸಿ ತವರಿನವರ್ದು," ಎಂದು ಹೇಳುವುದನ್ನು ಆನಂದಕುಮಾರ ಕಿವಿಯಾರೆ ಕೇಳಿದ. ಕಾಕಾ ಮಾತ್ರ ಚಡಪಡಿಸುತ್ತಿದ್ದರು, ಅಕ್ಕ ಇನ್ನೂ ಬಂದಿರಲಿಲ್ಲ. ಸುಮಿತ್ರಾಬಾಯಿ ಮುಂಜಾನೆಯೇ ಕಾರಿನಲ್ಲಿ ಹೊರಟಿದ್ದಳು. ಆದರೆ ದಾರಿಯಲ್ಲಿ ಸಿಗುವ ಬಳಗದ ಒಂದೊಂದು ಮನೆಯಲ್ಲೂ ಇಳಿದು, ಚಹಾ ಕುಡಿದು, ಮಾತಾಡಿಸಿ ಬರುತ್ತಿದ್ದಳು. ಅವಳು ಬರಲಿ ಎಂದು ಕಾಕಾ ಎಷ್ಟು ಬೇಡಿಕೊಂಡರೂ ಧರ್ಮಣ್ಣ ಕಾಯಲಿಲ್ಲ. ಗೋಡೆ ಅವರದು, ಅದರ ಬಟನ್ನೂ ಅವರ ಕೈಯಲ್ಲೇ ಇತ್ತು.

ಅವಳು ಬರುವಷ್ಟರಲ್ಲಿ ಪಿಚ್ಚರು ಮುಗಿಯುತ್ತ ಬಂದಿತ್ತು, ಜಿಲೇಬಿ ಮೂರನೆಯ ಸಲ ಹಾದು ಹೋಗಿತ್ತು, ಮಂದಿ ಊಟದ ಎಲೆಯ ಕಡೆ ಕಣ್ಣು ಹಾಕಿದ್ದರು. ಅಕ್ಕನನ್ನು ಕಂಡದ್ದೇ ಕಾಕಾ ಮೈಕು ಕಸಿದುಕೊಂಡರು. ಅವಳನ್ನು ಮುಂದಿನ ಸೋಫಾದಲ್ಲಿ ಕೂಡಿಸಿ, ಎದೆಯುಬ್ಬಿಸಿ ಹೇಳಿದರು:

"ಬೀಗರ, ಕೇಳ್ರಿ! ನಿಮ್ಮ ಅಣ್ಣನ್ನ ಹಾಕಿದ ಪಿಚ್ಚರ್ ಇವತ್ತ ಮಧ್ಯಾಹ್ನ ಹನ್ನೆರಡಕ್ಕ ಬಿಟ್ಟೀವಿ. ನಾರಾಯಣಖೇಡದಾಗ ನಮ್ಮ ಅಕ್ಕನ ಮನಿ ಮುಂದಿಂದ ಹಾಯ್ದು, ಹನ್ನೊಂದ ನಿಮಿಷದಾಗ ಇಲ್ಲಿ ಮುಟ್ಯದ!"

ಚಪ್ಪಾಳೆ ಬಿದ್ದವು. ಸುಮಿತ್ರಾಬಾಯಿ ಕೈ ಎತ್ತಿದಳು. ಚಪ್ಪಾಳೆ ನಿಂತಿತು.

"ಶಂಕರಾ, ಎಷ್ಟಕ್ಕ ಅಂದಿ?"

"ಹನ್ನೆರಡಕ್ಕ ಅಕ್ಕಾ."

ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಕೀಲಿಕೈ ಹಿಡಿದು ತೋರಿಸಿದಳು. "ಮುಂಜಾನಿ ನಾವೆಲ್ಲಾರೂ ಹೊರಡುವಾಗ ನಾನೇ ಮೇನ್ ಬಂದ್ ಮಾಡಿ, ಮನಿಗಿ ಕೀಲಿ ಹಾಕಿ ಬಂದೀನಿ. ಡಬ್ಬಿ ಕತ್ತಲದಾಗ ಮಲಗ್ಯದ. ಹನ್ನೆರಡಕ್ಕ ಹ್ಯಾಂಗ ಹಾಯ್ತು?"

ಕಾಕಾ ಮೈಕನ್ನು ಬಾಯಿಯ ಹತ್ತಿರವೇ ಹಿಡಿದು ಆನಂದಕುಮಾರನನ್ನು ನೋಡಿದರು. ಕಾಕಾ ಉಸಿರಾಡುವ ಸದ್ದು ಇಡೀ ಹಾಲಿಗೆ ಕೇಳಿಸಿತು.

"ಆನಂದಾ, ಬಾ ಇಲ್ಲಿ."

ಅವನು ಹೋಗಿ ನಿಂತ. ಹೆದರಿಕೆಯಲ್ಲಿ ಜನ್ಮದಲ್ಲೇ ಮೊದಲ ಸಲ ಅತ್ತೆಗೆ ಬಹುವಚನ ಹಚ್ಚಿದ. "ನೇರ ಬಂತ್ರಿ ಅತ್ತಿ."

"ನೇರ. ಹಂಗಾದ್ರ ನಿನ್ನಿ ಸಂಜಿಗಿ ನಾ ಆರತಿ ಮಾಡಿದ್ದು ಯಾರಿಗಿ?"

ಅಷ್ಟರಲ್ಲಿ ಗೋಡೆಯ ಕಂಪ್ಯೂಟರಿನ ಮುಂದೆ ಕೂತಿದ್ದ ವಿಠೋಬಾ, ಉಪಕಾರ ಮಾಡುವ ಹುರುಪಿನಲ್ಲಿ, "ನಿನ್ನಿ ಸಂಜಿಗಿ ನಾರಾಯಣಖೇಡ ಕಡಿಂದ ಬಂದದ್ದು ಇಲ್ಲಿ ಒಂದೇ ಅದ ನೋಡ್ರಿ," ಎಂದು ಅದನ್ನು ತೆರೆದೇಬಿಟ್ಟ. ಗೋಡೌನಿನ ಗೋಡೆಯಷ್ಟು ಅಗಲಕ್ಕೆ ಆನಂದಕುಮಾರನ ಮುಖ ಬಂದು ನಿಂತಿತು. ಎಡಗಲ್ಲ ಒಂದೇ ಅರ್ಧ ಗೋಡೆ ಹಿಡಿದಿತ್ತು.

ಮಂದಿ ಛಾವಣಿ ಹಾರುವಂತೆ ನಕ್ಕರು. ಧರ್ಮಣ್ಣನ ಅಣ್ಣನ ರುಮಾಲು ಬಿಚ್ಚಿ ಬಿತ್ತು. ಶಿವಕಾಂತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅವಳ ಭುಜ ಅಲುಗುತ್ತಿತ್ತು. ಆನಂದಕುಮಾರನಿಗೆ ಆ ಗೋಡೆಯೇ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಗೋಡೆ ನುಂಗುವ ಬದಲು ಅವನನ್ನೇ ದೊಡ್ಡದು ಮಾಡಿ ಎಲ್ಲರಿಗೂ ತೋರಿಸುತ್ತಿತ್ತು.

ಸುಮಿತ್ರಾಬಾಯಿ ನಗಲಿಲ್ಲ. ಗೋಡೆಯನ್ನು ಬಹಳ ಹೊತ್ತು ನೋಡಿದಳು. "ಈ ಮಾರಿಗಿ ಆರತಿ ಮಾಡ್ದೆ ನಾ," ಎಂದು ತನಗೇ ಹೇಳಿಕೊಂಡಳು. ಆಮೇಲೆ ಇವನ ಕಡೆ ತಿರುಗಿದಳು. "ಹಾದಿ ನೇರ ಮಾಡೂದಿದ್ರ ನಿನ್ನಿ ಬಂದಾಗೇ ಕೇಳ್ಬೇಕಿತ್ತು. ನಾ ಬ್ಯಾಡ ಅಂತಿದ್ದೆನೇನು?"

"ಅಂತಿದ್ರಿ ಅತ್ತಿ."

"ಹೌದು, ಅಂತಿದ್ದೆ," ಎಂದಳು ಸುಮಿತ್ರಾಬಾಯಿ. "ಆದ್ರೂ ಕೇಳ್ಬೇಕಿತ್ತು."

ಆ ಮಾತಿನಲ್ಲಿ ಸಿಟ್ಟು ಕಡಿಮೆ ಇತ್ತು, ನೋವು ಹೆಚ್ಚು ಇತ್ತು. ಆನಂದಕುಮಾರನಿಗೆ ಗೋಡೆಯ ಮೇಲಿನ ಮುಖಕ್ಕಿಂತ ಇದರಿಂದ ಹೆಚ್ಚು ನಾಚಿಕೆಯಾಯಿತು. ತಪ್ಪಾಯಿತೆಂದು ಬಗ್ಗಿ ಅತ್ತೆಯ ಕಾಲು ಮುಟ್ಟಿದ. ಅವಳು ಅವನ ಬೆನ್ನಿಗೆ ಒಂದು ಗುದ್ದು ಹಾಕಿ, ಸೋಫಾದಲ್ಲಿ ಸರಿಯಾಗಿ ಒರಗಿ ಕೂತು, ಅರ್ಪಿತಾಳನ್ನು ಕೈಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು.

"ವಿಠೋಬಾ, ಆ ಮಾರಿ ತೆಗಿ. ಪಿಚ್ಚರ್ ಮೊದಲಿಂದ ಹಚ್ಚು. ನನ್ನ ಮುಂದ ಹಾಯ್ಲಿ."

ಧರ್ಮಣ್ಣ ಕೈಕೈ ಹಿಸುಕಿಕೊಂಡರು. "ಅಕ್ಕೋರ, ನಾಕ ತಾಸಿಂದು ಅದ್ರಿ. ಅಡಗಿ ಆರ್ತದ."

"ನೀವು ಉಣ್ರಿ ಬೀಗರ. ನನ್ನ ಚಿಂತಿ ಬ್ಯಾಡ. ನಾ ನೋಡೇ ಉಣ್ತೀನಿ."

ಹುಡುಗಿಯ ಕಡೆಯ ಹಿರಿಯಳು ಉಪವಾಸ ಕೂತಿರುವಾಗ ಎಲೆಗೆ ಕೂಡುವ ಗಂಡಸು ತಾಂಡೂರಿನಲ್ಲಿ ಒಬ್ಬನೂ ಇರಲಿಲ್ಲ. ಎಲ್ಲರೂ ತಂತಮ್ಮ ಕುರ್ಚಿಗೆ ಮರಳಿದರು. ಗೋಡೆಯ ಮೇಲೆ ಗಣಪತಿ ಬಂದ, ಹಂದರದ ಕಂಬ ಬಂದವು, ಅರಿಶಿಣ ಬಂತು. ಸುಮಿತ್ರಾಬಾಯಿ ಒಂದೊಂದನ್ನೂ ನಿಲ್ಲಿಸಿ, ಇವರು ಯಾರು, ಅವಳ ಸೀರೆ ಎಲ್ಲಿಯದು ಎಂದು ಕೇಳುತ್ತ ನೋಡಿದಳು. ಅರ್ಪಿತಾ ಹೇಳುತ್ತ ಹೇಳುತ್ತ ಅವಳ ಭುಜಕ್ಕೆ ತಲೆ ಆನಿಸಿದಳು. ಅರ್ಪಿತಾಳ ಅತ್ತೆಯೂ ಬಂದು ಈ ಕಡೆಯ ಕುರ್ಚಿಯಲ್ಲಿ ಕೂತು, ತಮ್ಮ ಕಡೆಯವರ ಪರಿಚಯ ಮಾಡಿಸತೊಡಗಿದಳು.

ಹಿಂದಿನ ಸಾಲಿನಲ್ಲಿ ಹಸಿದು ಕೂತಿದ್ದ ಆನಂದಕುಮಾರನ ಫೋನು ಅಲುಗಿತು. ದೀಪ್ತಿ ಬರೆದಿದ್ದಳು: 'ಸರ್, ಕಂಪ್ಲೇಂಟ್ ಕ್ಲೋಸ್ ಮಾಡ್ಲೇನ್ರಿ? ಈಗ ಸ್ಪೀಡ್ ಹ್ಯಾಂಗದ?'

ಅವನು ಮುಂದಿನ ಸೋಫಾದ ಕಡೆ ನೋಡಿದ. ಗೋಡೆಯ ಮೇಲೆ ಇನ್ನೂ ಬಳೆ ತೊಡಿಸುವುದು ನಡೆದಿತ್ತು. 'ಜರಾ ತಡೀರಿ ಮೇಡಂ, ಇನ್ನೂ ಅರ್ಧಾನೂ ಮುಟ್ಟಿಲ್ಲ,' ಎಂದು ಬರೆದು ಫೋನನ್ನು ಜೇಬಿಗೆ ಹಾಕಿಕೊಂಡ.

ಕೊನೆಯ ಜಿಲೇಬಿ ಹಾದು, ಅರ್ಪಿತಾ ತವರಿನ ಹೊಸ್ತಿಲು ದಾಟಿ ಕಾರು ಹತ್ತುವಲ್ಲಿ ಪಿಚ್ಚರು ಮುಗಿಯಿತು. ಸುಮಿತ್ರಾಬಾಯಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು, ತಿರುಗಿ, ಇಡೀ ಹಾಲಿನಲ್ಲಿ ಆನಂದಕುಮಾರನನ್ನೇ ಹುಡುಕಿ ಹೇಳಿದಳು.

"ಈಗ ಮುಟ್ಟಿತು ನೋಡು. ಎಲಿ ಹಾಕ್ರಿ."